ದುಂಬಿಯನ್ನು ಹಿಡಿದು ಕೂತದ್ದು ದುಂಬಿಯೇ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿದೆ. ಹೋದ ವಾರ ಅಂಗಳದ ಬಿದಿರು ಬೇಲಿಯ ಮೇಲೆ ಕಪ್ಪು ದುಂಬಿಯೊಂದು ಇನ್ನೊಂದು ದುಂಬಿಯನ್ನು ತಬ್ಬಿ ಹಿಡಿದು ಕೂತಿತ್ತು. ಕೂಡುತ್ತಿವೆ ಎಂದುಕೊಂಡು ಫೋಟೊ ತೆಗೆದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಕೆಳಗಿನದು ಸತ್ತು ನೆಲಕ್ಕೆ ಬಿದ್ದಿತ್ತು. ಮೇಲಿನದು ಕೂತಲ್ಲೇ ಕೂತಿತ್ತು. ದುಂಬಿಗಳು ಒಂದನ್ನೊಂದು ಕೊಲ್ಲುತ್ತವೆಯೇ? ಅದು ದುಂಬಿಯೇ ಅಲ್ಲ ಎನ್ನುವುದಾದರೆ ಗುರುತಿಸುವುದು ಹೇಗೆ? ನಾಲ್ಕು ಪೆಟ್ಟಿಗೆ ತುಡುವೆ ಜೇನು ಸಾಕಿದ್ದೇನೆ, ಅವುಗಳಿಗೆ ಇದರಿಂದ ಅಪಾಯವಿದೆಯೇ? ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ, ಕುಟುಕುತ್ತದೆಯೇ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಸಾಕ್ಷ್ಯ ಆಮೇಲೆ. ನಿಮ್ಮ ಫೋಟೊದಲ್ಲಿ ಕೆಳಗಿರುವುದು ದುಂಬಿ, ಮೇಲಿರುವುದು ನೊಣ. ಅಲ್ಲಿ ನಡೆಯುತ್ತಿದ್ದುದು ಮಿಲನವಲ್ಲ, ಊಟ. ಮರ ಕೊರೆದು ಗೂಡು ಮಾಡುವ ಬಡಗಿ ದುಂಬಿಯನ್ನು ಅದರದೇ ರೂಪ ತಳೆದ ದರೋಡೆ ನೊಣವೊಂದು ಹಿಡಿದು, ಕತ್ತಿನ ಹಿಂದೆ ಕೊಕ್ಕು ಚುಚ್ಚಿ, ಒಳಗಿನದನ್ನೆಲ್ಲ ಹೀರಿ, ಸಿಪ್ಪೆಯನ್ನು ಕೆಳಕ್ಕೆ ಬಿಟ್ಟಿತು. ನೀವು ಹಿಂದಿರುಗಿ ಬಂದಾಗ ಅದು ಮುಂದಿನ ಬೇಟೆಗೆ ಕಾಯುತ್ತಿದ್ದಿರಬೇಕು. ಬಿದ್ದ ದುಂಬಿಯನ್ನು ಎತ್ತಿ ನೋಡಿದ್ದರೆ ಒಣಗಿದ ಹುಣಸೆ ಸಿಪ್ಪೆಯಷ್ಟು ಹಗುರವಾಗಿರುತ್ತಿತ್ತು.

ಈ ನೊಣಕ್ಕೆ ಹೈಪರೇಕಿಯಾ ಕ್ಸೈಲೊಕೋಪಿಫಾರ್ಮಿಸ್ ಎಂದು ಹೆಸರು. ದಕ್ಷಿಣ ಭಾರತದಲ್ಲಿ ಬಡಗಿ ದುಂಬಿಗಳಿರುವ ಕಡೆ ಆಗಾಗ ಕಾಣಸಿಗುತ್ತದೆ. ಹೆಸರು ಬಾಯಿಗೆ ಕಷ್ಟ, ಅರ್ಥ ಸುಲಭ. ಬಡಗಿ ದುಂಬಿಗಳ ಕುಲದ ಹೆಸರು ಕ್ಸೈಲೊಕೋಪಾ, ಗ್ರೀಕ್ ಮೂಲದಲ್ಲಿ ‘ಮರ ಕಡಿಯುವವರು’. ಕ್ಸೈಲೊಕೋಪಿಫಾರ್ಮಿಸ್ ಎಂದರೆ ‘ಬಡಗಿ ದುಂಬಿಯ ಆಕಾರದ್ದು’. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದಕ್ಕೆ ಹೆಸರಿಟ್ಟವರಿಗೂ ಮೊದಲು ಕಣ್ಣಿಗೆ ಹೊಡೆದದ್ದು ಈ ಹೋಲಿಕೆಯೇ ಇರಬೇಕು. ಆದ್ದರಿಂದ ನೀವು ಮೋಸಹೋದದ್ದಕ್ಕೆ ನಾಚಿಕೊಳ್ಳಬೇಕಿಲ್ಲ.

ನಮ್ಮ ಹೆಸರುಗಳ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಹಳೆಯ ಕಾವ್ಯಗಳಲ್ಲಿ ದುಂಬಿ, ಭೃಂಗ, ಭ್ರಮರ ಎಂದರೆಲ್ಲ ಹೂವಿಗೆ ಎರಗುವ ಈ ಕಪ್ಪು ಜೇನಿನ ಜಾತಿಯೇ. ಶಾಲೆಯ ಪುಸ್ತಕಗಳು ಅದೇ ಹೆಸರನ್ನು ಗಟ್ಟಿ ಕವಚದ ಜೀರುಂಡೆಗಳಿಗೂ ಕೊಟ್ಟು ಕೆಡಿಸಿದವು. ಈ ಉತ್ತರದಲ್ಲಿ ದುಂಬಿ ಎಂದರೆ ಬಡಗಿ ದುಂಬಿ: ತೊಲೆಯಲ್ಲಿ, ಒಣ ಬಿದಿರಿನಲ್ಲಿ ಬೆರಳು ತೂರುವಷ್ಟು ದುಂಡಗಿನ ತೂತು ಕೊರೆದು, ಕೆಳಗೆ ಮರದ ಹುಡಿ ಉದುರಿಸುತ್ತದಲ್ಲ, ಅದು. ಎಕ್ಕದ ಗಿಡದ ಮೇಲೆ, ತಂಗಡಿ ಹೂವಿನ ಮೇಲೆ ಗುಂಯ್‌ಗುಡುತ್ತ ಓಡಾಡುವುದೂ ಅದೇ.

ಗುರುತಿಸುವ ವಿಷಯಕ್ಕೆ ಬರುತ್ತೇನೆ. ಕರಾವಳಿಯ ನವರಾತ್ರಿ ಹುಲಿವೇಷವನ್ನು ನೀವು ನೋಡಿರುತ್ತೀರಿ. ಮೈತುಂಬ ಪಟ್ಟೆ, ಮುಖವಾಡ, ಬಾಲ ಎಲ್ಲವೂ ಇರುತ್ತದೆ. ಒಳಗಿರುವುದು ಯಾರೆಂದು ಹಿರಿಯರು ಮುಖವಾಡ ನೋಡಿ ತಲೆ ಕೆಡಿಸಿಕೊಳ್ಳುತ್ತಿದ್ದರೆ, ಮಕ್ಕಳು ಕಾಲ್ಬೆರಳು ನೋಡಿ ಹೆಸರು ಕೂಗಿಬಿಡುತ್ತಾರೆ. ಬಣ್ಣ ಬಳಿದ ಜಾಗವನ್ನು ನೋಡಿದಷ್ಟೂ ವೇಷವೇ ಕಾಣುತ್ತದೆ. ಈ ನೊಣದಲ್ಲಿ ಬಣ್ಣ ಬಳಿದ ಜಾಗ ಯಾವುದು? ಕಪ್ಪು ಮೈ, ತುಪ್ಪಳ, ಅಗಲ ಹೊಟ್ಟೆ, ನೀಲಿ ಮಿಂಚುವ ಹೊಗೆ ಬಣ್ಣದ ರೆಕ್ಕೆ, ಹಿಂಗಾಲಿನ ದಟ್ಟ ಕೂದಲು, ಹಾರುವಾಗಿನ ಗುಂಯ್‌ಗಾರ. ಗೆಳೆಯರಿಗೆ ವರ್ಣಿಸುವಾಗ ನೀವು ಹೇಳುವುದೆಲ್ಲ ಇದೇ. ಗುರುತಿನ ಮಟ್ಟಿಗೆ ಇವೆಲ್ಲ ಶುದ್ಧ ನಿರುಪಯೋಗಿ. ಬದಲಾಯಿಸಲಾಗದ್ದು ಕಸುಬಿನ ಸಲಕರಣೆ. ದುಂಬಿ ಹೂವಿನಿಂದ ಬದುಕುತ್ತದೆ, ಮರ ಕೊರೆಯುತ್ತದೆ. ಈ ನೊಣ ಹಾರುವ ಹುಳುವನ್ನು ಹಾರಾಟದಲ್ಲೇ ಹಿಡಿದು ಹೀರಬೇಕು. ಆ ಕೆಲಸಕ್ಕೆ ಬೇಕಾದ ಕಣ್ಣು, ಕೊಕ್ಕು, ಕಾಲುಗಳನ್ನು ಮರೆಮಾಚಿದರೆ ಅದು ಉಪವಾಸ ಬೀಳುತ್ತದೆ.

ಮೊದಲು ಒಂದು ಜನಪ್ರಿಯ ಸಲಹೆಯನ್ನು ಬದಿಗಿಡೋಣ. ನೊಣಕ್ಕೆ ಎರಡು ರೆಕ್ಕೆ, ಜೇನಿಗೆ ನಾಲ್ಕು. ಎಣಿಸಿದರೆ ಸಾಕು ಎನ್ನುತ್ತಾರೆ. ಸೂತ್ರ ಸರಿಯೇ. ಆದರೆ ಬೇಲಿಯ ಮುಂದೆ ಮೊಬೈಲ್ ಹಿಡಿದು ನಿಂತವರಿಗೆ ಇದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ. ದುಂಬಿಯ ಹಿಂದಿನ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಸಣ್ಣ ಕೊಕ್ಕೆಗಳಿರುತ್ತವೆ. ಹಾರುವಾಗ ಅವು ಮುಂದಿನ ರೆಕ್ಕೆಯ ಮಡಿಕೆಗೆ ಸಿಕ್ಕಿಕೊಂಡು ಎರಡೂ ಒಂದೇ ಹಾಳೆಯಂತಾಗುತ್ತವೆ. ಕೂತಾಗ ಒಂದರ ಕೆಳಗೊಂದು ಅಡಗುತ್ತವೆ. ಹೀಗಾಗಿ ನಾಲ್ಕು ರೆಕ್ಕೆಯ ದುಂಬಿಯೂ ಎರಡೇ ರೆಕ್ಕೆಯದರಂತೆ ಕಾಣುತ್ತದೆ. ನೊಣಗಳಲ್ಲಿ ಹಿಂದಿನ ರೆಕ್ಕೆಗಳು ಕುಗ್ಗಿ ಬೆಂಕಿಕಡ್ಡಿಯ ಆಕಾರದ ಎರಡು ಗುಬಟುಗಳಾಗಿವೆ. ಹಾರಾಟದಲ್ಲಿ ಮೈ ಯಾವ ಕಡೆಗೆ ವಾಲುತ್ತಿದೆ ಎಂದು ತಿಳಿಸುವುದು ಅವುಗಳ ಕೆಲಸ. ಸಾಧಾರಣ ನೊಣದಲ್ಲಿ ಅವು ಸುಲಭವಾಗಿ ಕಾಣುತ್ತವೆ. ತುಪ್ಪಳ ಹೊದ್ದ ಈ ವೇಷಧಾರಿಗಳಲ್ಲಿ ಕೂದಲು ಸರಿಸಿ ಹುಡುಕಬೇಕು. ಸತ್ತ ಮಾದರಿ ಕೈಗೆ ಸಿಕ್ಕಿದರೆ ರೆಕ್ಕೆ ಎಣಿಸಿ. ಜೀವಂತ ಹುಳುವಾದರೆ ನೇರವಾಗಿ ಮುಖಕ್ಕೆ ಬನ್ನಿ.

ಮುಖದಲ್ಲಿ ಮೊದಲು ನೋಡಬೇಕಾದ್ದು ಎರಡು ಕಣ್ಣುಗಳ ನಡುವಿನ ನೆತ್ತಿ. ದರೋಡೆ ನೊಣದ ತಲೆಯನ್ನು ಎದುರಿನಿಂದ ನೋಡಿದರೆ ಎರಡು ದಪ್ಪ ಕಣ್ಣುಗಳು ಗುಡ್ಡಗಳಂತೆ ಎದ್ದು ನಿಂತಿರುತ್ತವೆ, ನಡುವೆ ನೆತ್ತಿ ಕಣಿವೆಯಂತೆ ಕುಸಿದಿರುತ್ತದೆ. ಆ ಕಣಿವೆಯ ತಳದಲ್ಲಿ ಸಣ್ಣ ದಿಬ್ಬ, ಅದರ ಮೇಲೆ ಮೂರು ಚಿಕ್ಕ ಬಿಡಿಗಣ್ಣುಗಳು. ಭೂತಗನ್ನಡಿ ಹಿಡಿದು ಇದನ್ನು ಒಮ್ಮೆ ಸರಿಯಾಗಿ ನೋಡಿದವರು ಜೀವಮಾನದಲ್ಲಿ ಮರೆಯುವುದಿಲ್ಲ. ಮರಿಗೂಬೆಯೊಂದು ಕಿವಿ ನಿಮಿರಿಸಿ ನಿಮ್ಮನ್ನೇ ದಿಟ್ಟಿಸಿದಂತಿರುತ್ತದೆ. ಜಗತ್ತಿನಲ್ಲಿ ಹೆಸರು ಪಡೆದ ದರೋಡೆ ನೊಣಗಳೇ 7,000ಕ್ಕೂ ಹೆಚ್ಚು. ಕಡ್ಡಿಯಂತೆ ಸಪೂರವಾದವು, ಕಣಜದಂತಿರುವವು, ದುಂಬಿಯಂತಿರುವವು, ಹೀಗೆ ನೂರು ರೂಪ. ಈ ಕುಸಿದ ನೆತ್ತಿ ಮಾತ್ರ ಅಷ್ಟಕ್ಕೂ ಮನೆತನದ ಗುರುತು. ದುಂಬಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಉದ್ದುದ್ದಕ್ಕೆ ಅಂಟಿಕೊಂಡಿರುತ್ತವೆ, ನೆತ್ತಿ ದುಂಡಗೆ ಉಬ್ಬಿರುತ್ತದೆ.

ಕಣ್ಣು ಹೀಗೆ ಉಬ್ಬಿರುವುದಕ್ಕೆ ಕಾರಣವಿದೆ. ದರೋಡೆ ನೊಣ ಕೂತಲ್ಲಿಂದಲೇ ಬೇಟೆಯನ್ನು ಗುರುತಿಸಿ, ಅದು ಎಲ್ಲಿಗೆ ಹೋಗುತ್ತಿದೆಯೋ ಆ ಜಾಗಕ್ಕೆ ಅಡ್ಡ ಹಾರಬೇಕು. 2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವೊಂದು ಹೋಲ್ಕೊಸೆಫಾಲಾ ಎಂಬ ಪುಟ್ಟ ಅಮೆರಿಕದ ದರೋಡೆ ನೊಣದ ಹಾರಾಟವನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಪ್ರಕಟಿಸಿತು. ಅಕ್ಕಿಕಾಳಿನಷ್ಟಿರುವ ಆ ನೊಣ ಅರ್ಧ ಮೀಟರಿಗಿಂತ ದೂರದ ಬೇಟೆಯನ್ನು ಕಾಣಬಲ್ಲದು. ಅದರ ಸಂಯುಕ್ತ ಕಣ್ಣಿನಲ್ಲಿ ಎದುರಿಗೆ ತಿರುಗಿದ ದೊಡ್ಡ ಮಸೂರಗಳ ಚಿಕ್ಕ ಪ್ರದೇಶವೊಂದಿದೆ, ನಿಶಾನೆ ಹಿಡಿಯುವುದು ಅಲ್ಲಿಂದ. ಬೇಟೆ ಕಾಣುವ ಕೋನ ಬದಲಾಗದಂತೆ ನೋಡಿಕೊಂಡು ಹಾರಿದರೆ ಡಿಕ್ಕಿ ಖಚಿತ ಎಂಬುದು ಅದರ ಲೆಕ್ಕ. ಫೀಲ್ಡಿನಲ್ಲಿ ಕ್ಯಾಚಿಗೆ ಓಡುವ ಆಟಗಾರನ ಲೆಕ್ಕವೂ ಹೆಚ್ಚುಕಡಿಮೆ ಇಂಥದ್ದೇ.

ಕಣ್ಣಿನ ಕೆಳಗೆ ಮೀಸೆ. ಹೌದು, ಮೀಸೆಯೇ. ಬಾಯಿಯ ಮೇಲ್ಭಾಗದಲ್ಲಿ ಗಟ್ಟಿ ಕೂದಲಿನ ಒಂದು ಕುಂಚ ಮುಂದಕ್ಕೆ ಚಾಚಿರುತ್ತದೆ. ಗಂಡಿಗೂ ಇರುತ್ತದೆ, ಹೆಣ್ಣಿಗೂ ಇರುತ್ತದೆ. ಹಿಡಿದ ಬೇಟೆ ಒದ್ದಾಡಿ ಕಾಲು ಬೀಸಿದಾಗ ಕಣ್ಣು, ಮುಖಕ್ಕೆ ಏಟು ಬೀಳದಂತೆ ತಡೆಯುವ ಗುರಾಣಿ ಅದು. ದುಂಬಿ, ಜೇನುಗಳ ಮುಖದಲ್ಲೂ ಕೂದಲಿರಬಹುದು, ಆದರೆ ಹೀಗೆ ಒಂದೆಡೆ ಗುಂಪಾಗಿ ಚಾಚಿಕೊಂಡಿರುವುದಿಲ್ಲ. ಆ ಮೀಸೆಯ ಕೆಳಗಿನಿಂದ ಕಪ್ಪಗೆ, ನೆಟ್ಟಗೆ, ಸೂಜಿಗಿಂತ ದಪ್ಪಗೆ ಹೊರಬರುವುದೇ ಕೊಕ್ಕು. ಅದರೊಳಗಿನ ಚೂರಿಯಂಥ ಭಾಗ ಬೇಟೆಯ ಮೈಗೆ ಇಳಿದು ಜೊಲ್ಲನ್ನು ಚುಚ್ಚುಮದ್ದಿನಂತೆ ಸೇರಿಸುತ್ತದೆ. ನರಗಳನ್ನು ಸ್ತಬ್ಧಗೊಳಿಸುವ ವಿಷವೂ ಒಳಗಿನ ಅಂಗಗಳನ್ನು ಕರಗಿಸುವ ಕಿಣ್ವಗಳೂ ಅದರಲ್ಲಿವೆ. ಬಡಗಿ ದುಂಬಿಯಂಥ ಬಲಿಷ್ಠ ಪ್ರಾಣಿ ತನ್ನ ಕುಟುಕುಮುಳ್ಳನ್ನು ತಿರುಗಿಸುವಷ್ಟರಲ್ಲಿ ಕೈಕಾಲು ಬಿಟ್ಟಿರುತ್ತದೆ. ದುಂಬಿಗೆ ಇಂಥ ಕೊಕ್ಕಿಲ್ಲ. ಮರ ಕಚ್ಚುವ ಅಡ್ಡ ದವಡೆಗಳಿವೆ, ಮಕರಂದ ಹೀರುವ ನಾಲಗೆಯಿದೆ. ಬಳಸದಾಗ ಆ ನಾಲಗೆ ಗದ್ದದ ಕೆಳಗೆ ಮಡಚಿಕೊಂಡಿರುತ್ತದೆ.

ಸ್ಪರ್ಶತಂತುಗಳು ಇನ್ನೊಂದು ನೇರ ಸಾಕ್ಷಿ, ಫೋಟೊದಲ್ಲಿ ಸುಲಭವಾಗಿ ಸಿಗುವ ಸಾಕ್ಷಿಯೂ ಹೌದು. ದುಂಬಿಗೂ ಜೇನಿಗೂ ಮೊಣಕೈಯಂತೆ ಬಾಗಿದ ಉದ್ದ ತಂತುಗಳಿವೆ. ಹೆಣ್ಣಿನಲ್ಲಿ ಹನ್ನೆರಡು ಗೆಣ್ಣು, ಗಂಡಿನಲ್ಲಿ ಹದಿಮೂರು. ದರೋಡೆ ನೊಣದ ತಂತು ಮೋಟು. ಮೂರು ಗೆಣ್ಣು, ತುದಿಯದು ಚುಟ್ಟದಂತೆ ಸ್ವಲ್ಪ ಉಬ್ಬಿರುತ್ತದೆ, ಮೊಣಕೈ ಬಾಗುವುದಿಲ್ಲ. ನಿಮ್ಮ ಫೋಟೊವನ್ನು ಹಿಗ್ಗಿಸಿ ನೋಡಿ: ಕೆಳಗಿನ ಹುಳುವಿನ ಹಣೆಯಿಂದ ಹೊರಟು ಮಡಚಿ ಕೆಳಗಿಳಿದಿರುವ ಎರಡು ಕಪ್ಪು ಗೆರೆಗಳು ಸ್ಪಷ್ಟವಾಗಿವೆ. ಮೇಲಿನದಕ್ಕೆ ಹಣೆಯಲ್ಲಿ ಬರೀ ಎರಡು ಚುಕ್ಕೆಯಂಥ ತುಂಡುಗಳು. ನಾನು ತೀರ್ಪು ಕೊಟ್ಟದ್ದು ಇದನ್ನೂ ಆ ಕುಸಿದ ನೆತ್ತಿಯನ್ನೂ ನೋಡಿಯೇ.

ಕಾಲುಗಳ ಬಗ್ಗೆ ಎರಡೇ ಮಾತು. ಹಿಂಗಾಲಿನ ಕೂದಲು ನೋಡಿ ‘ಪರಾಗ ಹೊರುವ ಕುಂಚ, ಆದ್ದರಿಂದ ದುಂಬಿ’ ಎಂದು ತೀರ್ಮಾನಿಸಬೇಡಿ. ಆ ಕುಂಚವೂ ವೇಷದ ಭಾಗ. ಅದರಲ್ಲಿ ಹಳದಿ ಹುಡಿ ನಿಜಕ್ಕೂ ಮೆತ್ತಿದ್ದರೆ ಅದು ದುಂಬಿಯೇ ಎನ್ನಬಹುದು. ನೊಣದ ಕಾಲು ಬೇಟೆ ಹಿಡಿಯಲು ಬೇಕಾದ ಬುಟ್ಟಿ. ಉದ್ದ, ದಪ್ಪ, ಮುಳ್ಳುಮುಳ್ಳು. ಕೂತಾಗ ಮೈಯಿಂದ ದೂರಕ್ಕೆ ಅಗಲಿಸಿ ಊರಿರುತ್ತದೆ. ದುಂಬಿ ಕಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ಕೂರುತ್ತದೆ.

ಇನ್ನು ನಡತೆ. ನನ್ನ ಅನುಭವದಲ್ಲಿ ಹತ್ತು ಹೆಜ್ಜೆ ದೂರದಿಂದ, ಕ್ಯಾಮೆರಾ ಇಲ್ಲದೆ, ಬರಿಗಣ್ಣಿನಲ್ಲಿ ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆಗುಂಬೆಯ ಕಡೆ ಪರಿಚಯದವರ ಮನೆಯ ಹಿಂದೆ ಹಳೆಯ ಸೌದೆ ಕೊಟ್ಟಿಗೆಯೊಂದಿತ್ತು. ಅದರ ಪಕಾಸಿಗಳ ತುಂಬ ದುಂಬಿ ಕೊರೆದ ತೂತುಗಳು, ನೆಲದ ಮೇಲೆ ರವೆ ಚೆಲ್ಲಿದಂತೆ ಮರದ ಹುಡಿ. ಕೊಟ್ಟಿಗೆಯ ಎದುರು ಒಣಗಿದ ಪೇರಳೆ ಗಿಡ. ಅದರ ಒಂದು ಮೋಟು ಕೊಂಬೆಯ ತುದಿಯಲ್ಲಿ ಕಪ್ಪು ಹುಳುವೊಂದು ಕೂತಿತ್ತು. ದುಂಬಿ ದಣಿವಾರಿಸಿಕೊಳ್ಳುತ್ತಿದೆ ಎಂದುಕೊಂಡು ನಾನು ಕಾಫಿ ಕುಡಿಯಲು ಒಳಗೆ ಹೋದೆ. ಹೊರಗೆ ಬಂದರೂ ಅಲ್ಲೇ ಇತ್ತು. ಆಗ ಸಂಶಯ ಹುಟ್ಟಿತು, ಏಕೆಂದರೆ ಬಿಸಿಲು ಏರಿದ ಹೊತ್ತಿನಲ್ಲಿ ಹೂವೂ ಇಲ್ಲದ, ಗೂಡೂ ಇಲ್ಲದ ಒಣಕಡ್ಡಿಯ ತುದಿಯಲ್ಲಿ ಕೂತು ಕಾಲ ಕಳೆಯುವುದು ದುಂಬಿಯ ಜಾಯಮಾನವಲ್ಲ. ಮೆಲ್ಲಗೆ ಹತ್ತಿರ ಹೋಗಿ ಕೂತೆ.

ಅದರ ಮೈ ಅಲುಗುತ್ತಿರಲಿಲ್ಲ, ತಲೆ ಮಾತ್ರ ತಿರುಗುತ್ತಿತ್ತು. ಮೇಲೊಂದು ಚಿಟ್ಟೆ ಹಾದುಹೋದರೆ ತಲೆ ಆ ಕಡೆ ವಾಲುತ್ತಿತ್ತು. ಒಣ ಎಲೆ ಉದುರಿದರೂ ತಟ್ಟನೆ ತಿರುಗುತ್ತಿತ್ತು. ಗಾತ್ರ ಸರಿಯಿಲ್ಲವೆಂದೋ ಏನೋ, ಸುಮ್ಮನಾಗುತ್ತಿತ್ತು. ಆಮೇಲೆ ಕೊಟ್ಟಿಗೆಯಿಂದ ದುಂಬಿಯೊಂದು ಹೊರಬಿತ್ತು. ಕಡ್ಡಿ ಒಂದು ಕ್ಷಣ ಖಾಲಿ, ಗಾಳಿಯಲ್ಲಿ ಎರಡು ಗುಂಯ್‌ಗಾರಗಳು ಒಂದಾದವು, ಮರುಕ್ಷಣ ನೊಣ ಅದೇ ಮೋಟಿನ ಅದೇ ತುದಿಗೆ ಮರಳಿತ್ತು, ಬರಿಗೈಯಲ್ಲಿ. ಮುಂಗಾಲಿನಿಂದ ಕಣ್ಣೊರೆಸಿಕೊಂಡು ಮತ್ತೆ ಕಾಯತೊಡಗಿತು. ಮಧ್ಯಾಹ್ನದ ಊಟಕ್ಕೆ ಕರೆ ಬರುವವರೆಗೆ ಹಲವು ಸಲ ಹೀಗೆ ಹಾರಿ ಬಂದಿತು, ಒಮ್ಮೆ ಮಾತ್ರ ಬೇಟೆ ಸಿಕ್ಕಿತು. ಪ್ರತಿ ಸಲವೂ ಅದೇ ಕಡ್ಡಿ. ಕಡ್ಡಿಯ ಕೆಳಗಿನ ಹುಲ್ಲನ್ನು ಕೆದಕಿದಾಗ ಹೀರಿ ಬಿಸುಟ ಎರಡು ದುಂಬಿ ಸಿಪ್ಪೆಗಳು ಸಿಕ್ಕವು. ನಿಮ್ಮ ಬೇಲಿಯ ಕೆಳಗೂ ಒಮ್ಮೆ ಹುಡುಕಿ ನೋಡಿ.

ಈ ಕಾಯುವ ಅಭ್ಯಾಸದಲ್ಲೂ ಒಂದು ಬಲೆಯಿದೆ. ಗಂಡು ಬಡಗಿ ದುಂಬಿ ಕೂಡ ಒಂದು ಜಾಗವನ್ನು ತನ್ನದೆಂದು ಕಾಯುತ್ತದೆ, ಹಾದುಹೋದದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ನಿಮ್ಮ ಮುಖದೆದುರು ಬಂದು ಗದರಿಸುವಂತೆ ನಿಲ್ಲುವುದೂ ಅದೇ. ಅದಕ್ಕೆ ಕುಟುಕುವ ಮುಳ್ಳೇ ಇಲ್ಲ ಎಂಬುದು ಬೇರೆ ಮಾತು. ಅದು ಕಾಯುವುದು ಗಾಳಿಯಲ್ಲಿ, ಒಂದೇ ಕಡೆ ತೇಲುತ್ತ. ನೊಣ ಕಾಯುವುದು ಕೂತು. ಗಂಡಿನ ಕಣ್ಣುಗಳೂ ದೊಡ್ಡವು, ನೆತ್ತಿಯ ಹತ್ತಿರ ಸಮೀಪಿಸಿರಬಹುದು. ಆದರೆ ಕಣಿವೆ ಇಲ್ಲ. ಹೆಣ್ಣು ಕಪ್ಪು ಮೈಗೆ ಹಳದಿ ಶಾಲು ಹೊದ್ದಂತೆ, ಗಂಡು ಅಡಿಯಿಂದ ಮುಡಿಯವರೆಗೆ ಹಳದಿ ತುಪ್ಪಳದ ಉಂಡೆಯಂತೆ ಇರುವ ಬಡಗಿ ದುಂಬಿಯೂ ನಮ್ಮಲ್ಲಿದೆ. ಆ ಗಂಡನ್ನು ಕಂಡವರು ಇದೂ ಒಂದು ವೇಷಧಾರಿ ನೊಣ ಎಂದು ಫೋಟೊ ಕಳಿಸುವುದು ಸಾಮಾನ್ಯ. ವೇಷದ ಸುದ್ದಿ ಒಮ್ಮೆ ಕಿವಿಗೆ ಬಿದ್ದರೆ ಅಸಲಿ ದುಂಬಿಯ ಮೇಲೂ ಅನುಮಾನ ಹುಟ್ಟುತ್ತದೆ.

ಜೇನಿನ ವೇಷ ಹಾಕುವ ಬೇರೆ ನೊಣಗಳೂ ಇವೆ. ಹೂವಿನ ಮೇಲೆ ಕೂತು ಪರಾಗ ತಿನ್ನುತ್ತಿದ್ದರೆ ಅದು ದರೋಡೆ ನೊಣವಂತೂ ಅಲ್ಲ, ತೇಲುನೊಣವಿರಬಹುದು. ಕಣ್ಣಿನ ಮೇಲೆ ಚುಕ್ಕೆ ಅಥವಾ ಪಟ್ಟೆ ಕಂಡರೆ ಎರಿಸ್ಟಾಲಿನಸ್ ಎಂಬ ತೇಲುನೊಣ, ಬೇರೇನೂ ನೋಡಬೇಕಿಲ್ಲ. ಉಣ್ಣೆಯ ಉಂಡೆಯಂತಿದ್ದು, ಮುಂದಕ್ಕೆ ಚಾಚಿದ ಉದ್ದ ಕೊಳವೆಯನ್ನು ಹೂವಿಗಿಟ್ಟು ಗಾಳಿಯಲ್ಲೇ ನಿಂತಿದ್ದರೆ ಬಾಂಬಿಲಿಡ್ ಗುಂಪಿನ ನೊಣ. ಆ ಕೊಳವೆ ಕಂಡು ರಕ್ತ ಹೀರುತ್ತದೆಂದು ಹೆದರುವವರಿದ್ದಾರೆ. ಅದು ಕುಡಿಯುವುದು ಮಕರಂದ ಮಾತ್ರ. ಇನ್ನು ತುಡುವೆಯನ್ನೋ ಹೆಜ್ಜೇನನ್ನೋ ಹಿಡಿದು ಕೂತ, ಬೂದು ಬಣ್ಣದ, ಉದ್ದ ಚೂಪು ಹೊಟ್ಟೆಯ ನೊಣ ಕಂಡರೆ ಅದು ಬಹುಮಟ್ಟಿಗೆ ಪ್ರೊಮ್ಯಾಕಸ್ ಅಥವಾ ಫಿಲೊಡೈಕಸ್ ಕುಲದ್ದು. ದರೋಡೆ ನೊಣವೇ, ಆದರೆ ಯಾವ ವೇಷವೂ ಇಲ್ಲ. ಬೇಟೆಯಾಡಲು ವೇಷ ಬೇಕೇ ಬೇಕೆಂದಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಈಗಲೇ ಉಪಯೋಗಕ್ಕೆ ಬರುತ್ತದೆ.

ನೀವು ಕೇಳದಿದ್ದರೂ ಪ್ರತಿಯೊಬ್ಬರ ಮನಸ್ಸಿನಲ್ಲೂ ಏಳುವ ಪ್ರಶ್ನೆಯೊಂದಿದೆ: ನೊಣಕ್ಕೆ ದುಂಬಿಯ ವೇಷ ಯಾಕೆ? ದುಂಬಿಯಂತೆ ಕಂಡು, ದುಂಬಿಗಳ ನಡುವೆ ಸೇರಿ, ನಂಬಿಸಿ ಕೊಲ್ಲಲು ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. ಅಪ್ಪಟ ಗೋಮುಖ ವ್ಯಾಘ್ರ. ಕತೆಗೆ ಬಹಳ ಚೆನ್ನಾಗಿದೆ. ನನಗೆ ಮಾತ್ರ ಇದು ಒಪ್ಪಿಗೆಯಾಗುವುದಿಲ್ಲ. ಆ ಪೇರಳೆ ಗಿಡದ ನೊಣ ದುಂಬಿಗಳ ನಡುವೆ ಸೇರಲೇ ಇಲ್ಲ. ದೂರ ಕೂತು, ಕ್ಷಣಾರ್ಧದಲ್ಲಿ ಎರಗಿ ಮರಳಿತು. ಆ ವೇಗದಲ್ಲಿ ಬಂದದ್ದನ್ನು ನೋಡಿ, ‘ನಮ್ಮವನೇ’ ಎಂದು ನಂಬಿ ನಿಲ್ಲಲು ದುಂಬಿಗೆ ಸಮಯವೆಲ್ಲಿ? ಬೂದು ದರೋಡೆ ನೊಣಗಳು ಯಾವ ವೇಷವಿಲ್ಲದೆಯೇ ಜೇನು ಹಿಡಿಯುತ್ತಿರುವಾಗ ಬೇಟೆಗೆ ವೇಷದಿಂದ ಆಗುವ ಲಾಭ ದೊಡ್ಡದಿರಲಾರದು.

ವೇಷ ಇರುವುದು ದುಂಬಿಗಳಿಗಾಗಿಯಲ್ಲ, ನೊಣವನ್ನು ತಿನ್ನಬಯಸುವವರಿಗಾಗಿ ಎಂಬುದಕ್ಕೆ ಒಳ್ಳೆಯ ಪ್ರಯೋಗವೊಂದಿದೆ. ಅಮೆರಿಕದ ಆಗ್ನೇಯ ಭಾಗದಲ್ಲಿ ಮ್ಯಾಲೊಫೋರಾ ಬಾಂಬಾಯ್ಡಿಸ್ ಎಂಬ ದರೋಡೆ ನೊಣ ಅಲ್ಲಿನ ಬಂಬಲ್ ಜೇನನ್ನು ಹೋಲುತ್ತದೆ, ಅದನ್ನೇ ತಿನ್ನುತ್ತದೆ ಕೂಡ. ಜೇನ್ ಬ್ರೋವರ್, ಲಿಂಕನ್ ಬ್ರೋವರ್ ದಂಪತಿ ಮತ್ತು ಸಂಗಡಿಗರು ಕಪ್ಪೆ ಜಾತಿಯ ನೆಲಗಪ್ಪೆಗಳ ಮುಂದೆ ಇವನ್ನಿಟ್ಟು ನೋಡಿ, 1960ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಂಬಲ್ ಜೇನನ್ನು ನುಂಗಲು ಹೋಗಿ ಕುಟುಕಿಸಿಕೊಂಡ ಕಪ್ಪೆಗಳು ಆಮೇಲೆ ಈ ನಿರುಪದ್ರವಿ ನೊಣವನ್ನು ಕಂಡರೂ ತಲೆ ತಗ್ಗಿಸಿ ದೂರ ಸರಿದವು. ಕುಟುಕಿಸಿಕೊಂಡ ಅನುಭವವಿಲ್ಲದ ಕಪ್ಪೆಗಳು ಅದೇ ನೊಣವನ್ನು ನುಂಗಿದವು. ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಅಮೆಜಾನ್ ಚಿಟ್ಟೆಗಳ ಬಗ್ಗೆ ಮಂಡಿಸಿದ ವಾದವೂ ಇದೇ: ಅಪಾಯಕಾರಿಯ ವೇಷ ಹಾಕಿದ ಬಡಪಾಯಿ ಬದುಕುತ್ತಾನೆ. ಯುರೋಪಿನ ದೊಡ್ಡ ದರೋಡೆ ನೊಣವೊಂದು ಹಳದಿ-ಕಂದು ಕಡಜವನ್ನು ಹೋಲುತ್ತದೆ. ಲಿನೇಯಸ್ 1758ರಲ್ಲೇ ಅದಕ್ಕೆ ‘ಕಡಜದ ಆಕಾರದ್ದು’ ಎಂದು ಅರ್ಥ ಬರುವಂತೆ ಅಸೈಲಸ್ ಕ್ರಾಬ್ರೊನಿಫಾರ್ಮಿಸ್ ಎಂದು ಹೆಸರಿಟ್ಟ. ಬಿಸಿಲಿನಲ್ಲಿ, ಬಯಲಿನಲ್ಲಿ, ಕಡ್ಡಿಯ ತುದಿಯಲ್ಲಿ ಗಂಟೆಗಟ್ಟಲೆ ಕೂರುವ ಕಸುಬಿನವನಿಗೆ ಕಾಜಾಣ, ಓತಿಕ್ಯಾತಗಳ ಕಣ್ಣು ತಪ್ಪಿಸಲು ಇಂಥದ್ದೊಂದು ಅಂಗಿ ಬೇಕಾಗುತ್ತದೆ. ಹಾಗಾಗಿ ಗೋಮುಖ ವ್ಯಾಘ್ರವಲ್ಲ, ಮತ್ತದೇ ಹುಲಿವೇಷ.

ಆದರೂ ಬಡಗಿ ದುಂಬಿಯ ಜೊತೆ ಹೈಪರೇಕಿಯಾದ ನಂಟು ಬರೀ ರೂಪದ್ದಲ್ಲ. ಆಫ್ರಿಕಾದ ಹೈಪರೇಕಿಯಾಗಳ ಮರಿಹುಳುಗಳು ಬಡಗಿ ದುಂಬಿಯ ಸುರಂಗಗಳೊಳಗೇ ಬೆಳೆದು ದುಂಬಿಯ ಮರಿಗಳನ್ನು ತಿನ್ನುತ್ತವೆ. ಅಮ್ಮ ಹೊರಗೆ ಅಂಗಳದಲ್ಲಿ ದೊಡ್ಡವರನ್ನು ಹಿಡಿಯುತ್ತಾಳೆ, ಮಕ್ಕಳು ಒಳಗೆ ತೊಟ್ಟಿಲಿಗೇ ಕೈ ಹಾಕುತ್ತವೆ. ನಿಮ್ಮ ಬೇಲಿಯ ಬಿದಿರಿನಲ್ಲಿ ದುಂಬಿಯ ತೂತುಗಳಿದ್ದರೆ ಈ ನೊಣ ಅಲ್ಲೇ ಬೀಡುಬಿಟ್ಟಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಜೇನುಪೆಟ್ಟಿಗೆಯ ಚಿಂತೆಗೆ ಬರುತ್ತೇನೆ. ದರೋಡೆ ನೊಣ ಒಂಟಿ ಬೇಟೆಗಾರ. ಕಡಜಗಳಂತೆ ಗುಂಪು ಕಟ್ಟಿ ಪೆಟ್ಟಿಗೆಯ ಬಾಗಿಲಿಗೆ ಮುತ್ತಿಗೆ ಹಾಕುವುದಿಲ್ಲ, ಒಳಗೆ ನುಗ್ಗುವುದಿಲ್ಲ. ದಿನಕ್ಕೆ ಕೆಲವು ಹುಳು ಸಿಕ್ಕರೆ ಅದಕ್ಕೆ ಹಬ್ಬ, ಅದರಲ್ಲಿ ನಿಮ್ಮ ತುಡುವೆ ಒಂದೆರಡು ಇರಬಹುದು. ಸಾವಿರಾರು ಕೆಲಸಗಾರರಿರುವ ಕುಟುಂಬಕ್ಕೆ ಅದು ಲೆಕ್ಕಕ್ಕಿಲ್ಲ. ಮಲೆನಾಡಿನ ಜೇನುಸಾಕಣೆಯ ಬೆನ್ನು ಮುರಿದದ್ದು 1990ರ ದಶಕದ ಆರಂಭದಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಕೊಳೆ ರೋಗ. ಹಳಬರನ್ನು ಕೇಳಿದರೆ ಖಾಲಿ ಪೆಟ್ಟಿಗೆಗಳ ಸಾಲನ್ನು ಇನ್ನೂ ನೆನೆಯುತ್ತಾರೆ. ಮೇಣದ ಪತಂಗ, ಕಡಜ, ಇರುವೆಗಳ ಮೇಲೆ ಕಣ್ಣಿಡಿ, ನೊಣವನ್ನು ಅದರ ಪಾಡಿಗೆ ಬಿಡಿ. ಸಿಂಪಡಣೆಯ ಯೋಚನೆಯಂತೂ ಬೇಡ. ಬೇಲಿಗೆ ಹೊಡೆದ ವಿಷ ಮೊದಲು ತಲುಪುವುದು ನಿಮ್ಮ ತುಡುವೆಯನ್ನೇ.

ದರೋಡೆ ನೊಣ ಜೇನುಸಾಕಣೆಗೆ ನಿಜಕ್ಕೂ ತಲೆನೋವಾಗಿರುವ ಜಾಗ ಅರ್ಜೆಂಟೀನಾದ ಪಂಪಾಸ್ ಬಯಲು. ಅಲ್ಲಿನ ಮ್ಯಾಲೊಫೋರಾ ರೂಫಿಕಾಡಾ ಎಂಬ ನೊಣವನ್ನು ಜೇನುಗಾರರು ಶಪಿಸುತ್ತಾರೆ. ತಮಾಷೆಯೆಂದರೆ ಅದೇ ನೊಣದ ಮರಿಗಳು ಮಣ್ಣಿಗಿಳಿದು ಬೆಳೆಯ ಬೇರು ತಿನ್ನುವ ಗೊಣ್ಣೆಹುಳುಗಳ ಮೈಗೆ ಅಂಟಿ ಅವನ್ನು ಮುಗಿಸುತ್ತವೆ. ಎತ್ತರದ ಹುಲ್ಲಿನ ತುದಿಯಲ್ಲಿ ಅಮ್ಮ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಗಳು ಗಾಳಿಯಲ್ಲಿ ಚದುರಿ ಬಿದ್ದು, ನೆಲ ಹೊಕ್ಕು, ವಾಸನೆ ಹಿಡಿದು ಗೊಣ್ಣೆಹುಳುವನ್ನು ಹುಡುಕುತ್ತವೆ. ಒಂದೇ ನೊಣ ಜೇನುಗಾರನ ಶತ್ರು, ಪಕ್ಕದ ಹೊಲದವನ ಮಿತ್ರ. ಅಡಿಕೆಯ ಬೇರುಹುಳುವಿನ ಕಾಟ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಸಲ ಫೋಟೊ ತೆಗೆಯುವಾಗ ಬೆನ್ನಿನ ಕಡೆಯಿಂದ ಹತ್ತು ತೆಗೆಯುವ ಬದಲು ಮುಖದ ಎದುರಿನಿಂದ ಒಂದು, ತಲೆಯ ಪಕ್ಕದಿಂದ ಒಂದು ತೆಗೆಯಿರಿ. ರೆಕ್ಕೆ ಹರಡಿದಾಗ ಮೇಲಿನಿಂದ ಒಂದು ಸಿಕ್ಕರೆ ನರಗಳ ವಿನ್ಯಾಸ ನೋಡಿ ಉಪಕುಟುಂಬದವರೆಗೆ ಹೇಳಬಹುದು: ಹೈಪರೇಕಿಯಾ, ಅದರ ಸಂಬಂಧಿ ಲಾಫ್ರಿಯಾ ಇರುವ ದರೋಡೆ ನೊಣಗಳ ಗುಂಪಿನಲ್ಲಿ ರೆಕ್ಕೆಯ ಮುಂದಿನ ಅಂಚಿನ ಕೋಶವೊಂದು ತುದಿಗೆ ಮುಂಚೆಯೇ ಮುಚ್ಚಿಕೊಂಡಿರುತ್ತದೆ. ಹತ್ತಿರ ಹೋಗಲು ಭಯ ಬೇಡ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ತಗ್ಗಿ, ನಿಧಾನವಾಗಿ ಮುಂದುವರಿದರೆ ಒಂದು ಮೊಳ ದೂರದವರೆಗೆ ಬಿಟ್ಟುಕೊಡುತ್ತದೆ. ಊಟ ಮಾಡುತ್ತಿದ್ದರೆ ಇನ್ನೂ ಹತ್ತಿರ. ಹಾರಿದರೂ ಕ್ಯಾಮೆರಾ ಇಳಿಸಬೇಡಿ, ಅದೇ ಜಾಗಕ್ಕೆ ಬರುತ್ತದೆ.

ಕೊನೆಗೆ ಮಕ್ಕಳ ವಿಷಯ. ಇದಕ್ಕೆ ಕುಟುಕುವ ಮುಳ್ಳಿಲ್ಲ, ತಾನಾಗಿ ಮನುಷ್ಯರ ಮೇಲೆ ಎರಗುವುದಿಲ್ಲ, ರಕ್ತ ಹೀರುವುದಿಲ್ಲ. ಆದರೆ ಕೈಯಲ್ಲಿ ಹಿಡಿದರೆ ಕೊಕ್ಕು ಚುಚ್ಚುತ್ತದೆ, ಚೆನ್ನಾಗಿಯೇ ನೋಯುತ್ತದೆ. ಹಿಡಿಯಬೇಡಿ ಎಂದಷ್ಟೇ ಮಕ್ಕಳಿಗೆ ಹೇಳಿಡಿ. ಇದು ನನಗೆ ಪುಸ್ತಕದಿಂದ ಬಂದ ಜ್ಞಾನವಲ್ಲ. ಒಮ್ಮೆ ಕಾಲೇಜು ಹುಡುಗರ ಗುಂಪಿಗೆ ಕೀಟ ತೋರಿಸುತ್ತಿದ್ದಾಗ, ‘ಇದು ದುಂಬಿಯಲ್ಲ, ನೊಣ, ಏನೂ ಮಾಡುವುದಿಲ್ಲ’ ಎಂದು ಹೇಳಿ ಎರಡು ಬೆರಳಿನಲ್ಲಿ ಎತ್ತಿ ಹಿಡಿದೆ. ಮಾತು ಮುಗಿಯುವ ಮೊದಲೇ ಹೆಬ್ಬೆರಳಿನ ಬುಡದಲ್ಲಿ ಕಾದ ಸೂಜಿ ಇಳಿದಂತಾಯಿತು. ಕೈ ಕೊಡವಿದೆ. ಹುಡುಗರು ನಗು ತಡೆಯಲು ಒದ್ದಾಡುತ್ತಿದ್ದರು. ನೊಣ ಒಂದು ಸುತ್ತು ಹಾರಿ, ನಾನು ಎತ್ತಿಕೊಂಡಿದ್ದ ಅದೇ ಕಡ್ಡಿಯ ತುದಿಗೆ ಬಂದು ಕೂತಿತು.